ಊಟ ಹಾಕುವ ಕೈಗಳು ಬೇಕಾದಷ್ಟಿವೆ, ಬೋನು ಹಿಡಿಯುವ ಕೈ ಬೇಕು

ನಮ್ಮ ಬೀದಿಯ ಬೂದು ಬೆಕ್ಕು ಹೋದ ಸಲ ಮರಿ ಹಾಕಿದ್ದು ಹಿಂದಿನ ಮನೆಯ ನೀರಿನ ಟ್ಯಾಂಕಿನ ಸಂದಿಯಲ್ಲಿ. ನಾಲ್ಕು ಮರಿ. ಮೂರನೇ ವಾರಕ್ಕೆ ಉಳಿದದ್ದು ಎರಡು. ಒಂದರ ಕಣ್ಣು ಗೀಜು ಕಟ್ಟಿ ಪೂರ್ತಿ ಅಂಟಿಕೊಂಡಿತ್ತು. ಉಗುರುಬೆಚ್ಚಗಿನ ನೀರಲ್ಲಿ ಹತ್ತಿ ಅದ್ದಿ ಒರೆಸುತ್ತಿದ್ದರೆ ತಾಯಿ ಸ್ವಲ್ಪ ದೂರದಲ್ಲಿ ಕೂತು ನನ್ನನ್ನೇ ನೋಡುತ್ತಿತ್ತು. ಅದರ ಬೆನ್ನಿನ ಮೂಳೆ ಒಂದೊಂದಾಗಿ ಎಣಿಸಬಹುದಿತ್ತು. ಒಂದೇ ವರ್ಷದಲ್ಲಿ ಅದು ಮೂರನೇ ಸೂಲು.

ಆ ಬೆಕ್ಕಿಗೆ ನಾನು ಎರಡು ವರ್ಷದಿಂದ ಊಟ ಹಾಕುತ್ತಿದ್ದೆ. ನನ್ನ ಪಾಲಿನ ಕೆಲಸ ಅಷ್ಟೇ ಅಂದುಕೊಂಡಿದ್ದೆ. ಅವತ್ತು ಟ್ಯಾಂಕಿನ ಹತ್ತಿರ ಕೂತಾಗ ನನಗೆ ತುಂಬಾ ಸಂಕಟವಾಯಿತು. ಹೆಣ್ಣು ಬೆಕ್ಕು 4 ತಿಂಗಳಿಗೇ ಬೆದೆಗೆ ಬರಬಹುದು. ಗಬ್ಬವಾದರೆ ಸುಮಾರು 65 ದಿನಕ್ಕೆ ಮರಿ. ಆ ಮರಿಗಳು ಇನ್ನೂ ಹಾಲು ಕುಡಿಯುತ್ತಿರುವಾಗಲೇ ಅದು ಮತ್ತೆ ಬೆದೆಗೆ ಬರಬಹುದು. ಮರಿಯಾಗದಂತೆ ಆಪರೇಷನ್ ಮಾಡಿಸದೆ ಬರೀ ಊಟ ಹಾಕುತ್ತಾ ಹೋದರೆ ನಾವು ಅರ್ಧ ಕೆಲಸ ಮಾಡಿ ಬಿಟ್ಟ ಹಾಗೆ. ಇದನ್ನು ಊಟ ಹಾಕುವವರನ್ನು ಬೈಯಲು ಹೇಳುತ್ತಿಲ್ಲ. ನಾನೂ ಅವರಲ್ಲಿ ಒಬ್ಬಳು.

ಸಹಾಯ ಕೇಳೋಣ ಅಂತ ಬೀದಿಯ ವಾಟ್ಸಾಪ್ ಗ್ರೂಪಿನಲ್ಲಿ ಹಾಕಿದೆ. ‘ಬೆಕ್ಕುಗಳಿಗೆ ಸಂತಾನಹರಣ ಮಾಡಿಸಬೇಕು, ದಯವಿಟ್ಟು ಎಲ್ಲರೂ ಸಹಕರಿಸಿ.’ ಇಪ್ಪತ್ತು ಜನ ಕೈಮುಗಿದರು, ಹೃದಯ ಹಾಕಿದರು. ಬಂದವರು ಯಾರೂ ಇಲ್ಲ. ಇಬ್ಬರಂತೂ ‘ಯಾರಿಗಾದರೂ ಹೇಳಿ ಹಿಡಿಸಿ, ದೂರ ಬಿಟ್ಟು ಬರಲಿ’ ಅಂದರು. ಇದು ಮಾತ್ರ ಬೇಡ. ಬೆಕ್ಕಿಗೆ ತನ್ನ ಜಾಗವೇ ಬದುಕು. ಎಲ್ಲಿ ನೀರು, ಎಲ್ಲಿ ನೆರಳು, ಯಾವ ನಾಯಿ ಅಟ್ಟಿಸಿಕೊಂಡು ಬರುತ್ತದೆ ಎಲ್ಲ ಅದಕ್ಕೆ ಗೊತ್ತಿರುತ್ತದೆ. ಗೊತ್ತಿಲ್ಲದ ಕಡೆ ಬಿಟ್ಟರೆ ವಾಪಸ್ ಬರಲು ಹೋಗಿ ರಸ್ತೆಯಲ್ಲಿ ಸಾಯುತ್ತದೆ, ಇಲ್ಲವೇ ಅಲ್ಲಿಯ ಬೆಕ್ಕುಗಳ ಕೈಲಿ ಕಚ್ಚಿಸಿಕೊಳ್ಳುತ್ತದೆ. ಇಲ್ಲಿ ಊಟ, ಜಾಗ ಖಾಲಿ ಇದ್ದರೆ ಬೇರೆ ಬೆಕ್ಕುಗಳು ಬಂದು ಸೇರಿಕೊಳ್ಳುತ್ತವೆ, ಮತ್ತೆ ಮರಿ. ಹಿಡಿದು, ಆಪರೇಷನ್ ಮಾಡಿಸಿ, ಅದೇ ಜಾಗಕ್ಕೆ ತಂದು ಬಿಡಬೇಕು ಅನ್ನುವುದು ಅದಕ್ಕೇ.

ಆಮೇಲೆ ಕೇಳುವ ರೀತಿ ಬದಲಾಯಿಸಿದೆ. ‘ಶನಿವಾರ ಬೆಳಿಗ್ಗೆ 7ಕ್ಕೆ ಬೋನು ಸಾಗಿಸಲು ಒಂದು ಕಾರು ಬೇಕು, ಅರ್ಧ ಗಂಟೆ ಕೆಲಸ.’ ಮೂರು ಜನ ಬರುತ್ತೇವೆ ಅಂದರು! ಜನಕ್ಕೆ ಮನಸ್ಸಿಲ್ಲ ಅಂತಲ್ಲ, ಏನು ಮಾಡಬೇಕು ಅಂತ ಗೊತ್ತಿರುವುದಿಲ್ಲ.

ಎದುರು ಮನೆ ಅಂಕಲ್‌ಗೆ ಬೆಕ್ಕು ಕಂಡರೆ ಆಗುವುದಿಲ್ಲ. ‘ಏನಮ್ಮಾ, ರಾತ್ರಿಯೆಲ್ಲ ಈ ಗಂಡು ಬೆಕ್ಕುಗಳ ಕಿರುಚಾಟ, ಗೇಟೆಲ್ಲ ಗಬ್ಬು ನಾತ’ ಅಂತ ದಿನಾ ಹೇಳುತ್ತಿದ್ದರು. ನಾನು ‘ಅಂಕಲ್, ಆಪರೇಷನ್ ಆದರೆ ಕೆಲವು ವಾರದಲ್ಲಿ ಅದೆಲ್ಲ ತುಂಬಾ ಕಡಿಮೆಯಾಗುತ್ತೆ, ನಿಮ್ಮ ಸ್ಕೂಟರ್ ಶೆಡ್ಡು ಎರಡು ರಾತ್ರಿ ಕೊಡ್ತೀರಾ?’ ಅಂದೆ. ಕೊಟ್ಟರು. ಆಪರೇಷನ್ ಆಗಿ ಬಂದ ರಾತ್ರಿ 11 ಗಂಟೆಗೆ ಟಾರ್ಚ್ ಹಿಡಿದುಕೊಂಡು ಬಂದು, ಬೋನಿನ ಮೇಲಿನ ಬಟ್ಟೆ ಒಂಚೂರು ಸರಿಸಿ, ‘ಉಸಿರಾಡ್ತಾ ಇದೆ ಅಲ್ವಾ?’ ಅಂತ ಕೇಳಿದರು. ಅದಕ್ಕೇ ಹೇಳುತ್ತೇನೆ, ಬೆಕ್ಕು ಬೇಡ ಅನ್ನುವವರ ಬಾಗಿಲನ್ನೂ ತಟ್ಟಿ. ಅವರಿಗೂ ಬೇಕಾಗಿರುವುದು ಇದೇ.

ಇದು ಒಬ್ಬರ ಕೈಲಿ ಆಗುವ ಕೆಲಸವಲ್ಲ ಅಂತ ನನಗೆ ಗೊತ್ತಾದದ್ದು ಮೊದಲ ಸಲ ಸೋತಾಗ. ಬೆಕ್ಕು ಹಸಿದಿದ್ದರೆ ಮಾತ್ರ ಬೋನಿನೊಳಗೆ ಹೋಗುತ್ತದೆ. ಅರಿವಳಿಕೆ ಕೊಟ್ಟಾಗ ವಾಂತಿಯಾಗದಿರಲೂ ಹೊಟ್ಟೆ ಖಾಲಿ ಇರಬೇಕು. (ತೀರಾ ಚಿಕ್ಕ ಮರಿಗಳನ್ನು ಹಾಗೆ ಉಪವಾಸ ಇಡಬಾರದು, ಡಾಕ್ಟರನ್ನು ಕೇಳಿ.) ನಾನು ಹಿಂದಿನ ರಾತ್ರಿಯೇ ಊಟ ನಿಲ್ಲಿಸಿದ್ದೆ. ಬೆಕ್ಕು ಮರಿಗಳನ್ನು ಏಳು ಮನೆ ಸುತ್ತಿಸುತ್ತೆ ಅಂತಾರಲ್ಲ, ಊಟಕ್ಕೂ ಅದು ಹಾಗೇ ಸುತ್ತುತ್ತದೆ. ಮೂರು ಮನೆ ದೂರದಲ್ಲಿ ಯಾರೋ ಪ್ರೀತಿಯಿಂದ ಹೊಟ್ಟೆ ತುಂಬಾ ಹಾಕಿದ್ದರು. ಬೋನಿನ ಮುಂದೆ ಬಂತು, ಮೂಸಿತು, ಮೀಸೆ ನೆಕ್ಕುತ್ತಾ ಹೋಯಿತು. ಎರಡನೇ ಸಲ ಮನೆಮನೆಗೆ ಹೋಗಿ ಹೇಳಿದ ಮೇಲೆಯೇ ಬಿತ್ತು.

ಬಾಗಿಲು ಬಿದ್ದ ಕೂಡಲೇ ಬೆಕ್ಕು ಹುಚ್ಚು ಹಿಡಿದ ಹಾಗೆ ಕಂಬಿಗೆ ಹಾರುತ್ತದೆ. ನೋಡಲು ಆಗುವುದಿಲ್ಲ. ದಪ್ಪ ಬಟ್ಟೆ ಮುಚ್ಚಿಬಿಡಿ, ಕತ್ತಲಾದರೆ ಬೇಗ ಸುಮ್ಮನಾಗುತ್ತದೆ. ಬರಿಗೈಲಿ ಹಿಡಿಯಲು ಹೋಗಲೇಬೇಡಿ. ಬೆಕ್ಕಿನ ಕಡಿತ ಸೂಜಿ ಚುಚ್ಚಿದ ಹಾಗೆ ಆಳಕ್ಕೆ ಇಳಿದು ಕೀವು ಕಟ್ಟುತ್ತದೆ. ಕಚ್ಚಿದರೆ ಸೋಪು ಹಾಕಿ ಚೆನ್ನಾಗಿ ತೊಳೆದು ಅವತ್ತೇ ಡಾಕ್ಟರ ಹತ್ತಿರ ಹೋಗಿ, ರೇಬೀಸ್ ಇಂಜೆಕ್ಷನ್ ಬೇಕಾಗಬಹುದು. ಹಾಲೂಡುವ ಬೆಕ್ಕು ಬಿದ್ದರೆ ಅದರ ಮರಿ ಎಲ್ಲಿವೆ ಅಂತ ಮೊದಲು ಹುಡುಕಿ. ಬೋನು ಇಟ್ಟು ಯಾವತ್ತೂ ಬಿಟ್ಟು ಹೋಗಬೇಡಿ. ನನಗೆ ಜಾಸ್ತಿ ಬೇಕಾಗಿದ್ದ ಸಹಾಯವೂ ಇದೇ, ಬೋನು ಕಾಣುವಷ್ಟು ದೂರದಲ್ಲಿ ಸುಮ್ನೆ ಕೂತು ಕಾಯುವವರು.

ಬೂದು ಬೆಕ್ಕಿನ ಎಡಗಿವಿ ತುದಿ ಈಗ ನೇರವಾಗಿ ಕತ್ತರಿಸಿದೆ. ‘ಪಾಪ, ಕಿವಿ ಯಾಕೆ ಕತ್ತರಿಸಿದ್ರಿ’ ಅಂತ ಕೆಲವರು ನೊಂದುಕೊಂಡರು. ಅರಿವಳಿಕೆಯಲ್ಲಿ ಇರುವಾಗಲೇ ಮಾಡುವುದು. ಆಪರೇಷನ್ ಆಗಿದೆ ಅಂತ ದೂರದಿಂದಲೇ ಗೊತ್ತಾಗಬೇಕು, ಇಲ್ಲದಿದ್ದರೆ ಅದನ್ನು ಮತ್ತೆ ಹಿಡಿದು ಮತ್ತೆ ಹೊಟ್ಟೆ ಕೊಯ್ಯುವ ಪರಿಸ್ಥಿತಿ ಬರಬಹುದು. ಈಗ ಅದರ ಬೆನ್ನಿನ ಮೂಳೆ ಕಾಣುವುದಿಲ್ಲ. ಮೈತುಂಬಿಕೊಂಡಿದೆ.

ಇನ್ನು ಒಂದು ಬಾಕಿ ಇದೆ. ಬಾಲ ಮುರಿದ ಕಪ್ಪು ಗಂಡು ಬೆಕ್ಕು. ಒಂದು ಸಲ ಬೋನಿನಿಂದ ತಪ್ಪಿಸಿಕೊಂಡಿದೆ, ಹಾಗಾಗಿ ಒಂದು ವಾರದಿಂದ ಬೋನಿನ ಬಾಗಿಲು ಬೀಳದ ಹಾಗೆ ಕಟ್ಟಿಟ್ಟು ಒಳಗೇ ಊಟ ಇಡುತ್ತಿದ್ದೇನೆ. ನಿನ್ನೆಯಿಂದ ಪೂರ್ತಿ ಒಳಗೆ ಹೋಗಿ ತಿನ್ನುತ್ತಿದೆ. ನಮ್ಮ ಬೀದಿಯವರು ಗುರುವಾರ ರಾತ್ರಿ ಯಾರೂ ಊಟ ಇಡಬೇಡಿ. ಶುಕ್ರವಾರ ಬೆಳಿಗ್ಗೆ 5ರಿಂದ ನಾನು ಕೂರುತ್ತೇನೆ. 6ಕ್ಕೆ ಒಬ್ಬರು ಬಂದು ಒಂದು ಗಂಟೆ ಕೂರಬೇಕು. ಯಾರು ಬರುತ್ತೀರಿ?