ಮುನ್ನೋಟದ ಜೊತೆ ವಿಳಾಸವನ್ನೂ ಓದಿ
ಲಿಂಕ್ ತೆರೆಯುವ ಮೊದಲೇ ಪುಟ ಇಣುಕಿ ನೋಡಿದರೆ ಮೋಸ ಹೋಗುವುದಿಲ್ಲ ಎಂದು ಬರೆದಿದ್ದೀರಿ. ಪೂರ್ತಿ ಒಪ್ಪಲಾರೆ. ಆಂಡ್ರಾಯ್ಡ್ ಕ್ರೋಮ್‌ನಲ್ಲಿ ಲಿಂಕನ್ನು ಒತ್ತಿ ಹಿಡಿದು ‘ಪ್ರಿವ್ಯೂ ಪೇಜ್’ ಆರಿಸಿದರೆ ಆ ಪುಟ ನಿಜವಾಗಿಯೂ ಲೋಡ್ ಆಗುತ್ತದೆ. ಸುದ್ದಿ ಓದುವಾಗ ತುಂಬಾ ಅನುಕೂಲ, ನಾನೂ ದಿನಾ ಬಳಸುತ್ತೇನೆ. ಆದರೆ ನಕಲಿ ಪುಟ ಇಣುಕುನೋಟದಲ್ಲೂ ಅಸಲಿಯಂತೆಯೇ ಕಾಣುತ್ತದೆ, ಅಲ್ವಾ?

ಅಮ್ಮನಿಗೆ ಬ್ಯಾಂಕ್ ಹೆಸರಲ್ಲಿ ಮೆಸೇಜ್ ಬಂದಾಗ ವಿಳಾಸ ಓದುವುದನ್ನೇ ಹೇಳಿಕೊಟ್ಟೆ. ವಿಳಾಸದಲ್ಲಿ ಮೊದಲ ಒಂಟಿ ಸ್ಲ್ಯಾಶ್ (/) ಬರುವುದಕ್ಕೆ ಮುಂಚಿನ ಭಾಗದ ಕೊನೆಯಲ್ಲಿ ಏನಿದೆ ನೋಡಬೇಕು. ಬ್ಯಾಂಕುಗಳು 2025ರ ಅಕ್ಟೋಬರ್ 31ರೊಳಗೆ ‘ಡಾಟ್ ಬ್ಯಾಂಕ್ ಡಾಟ್ ಇನ್’ ವಿಳಾಸಕ್ಕೆ ಬದಲಾಗಬೇಕು ಎಂದು ರಿಸರ್ವ್ ಬ್ಯಾಂಕ್ ಹೇಳಿತ್ತು. ಹಾಗಾಗಿ ಗುರುತಿಸುವುದು ಈಗ ಸುಲಭ. ಉದ್ದ ವಿಳಾಸವನ್ನು ಚಿಕ್ಕದಾಗಿಸುವ ಬಿಟ್‌ಲಿ ಸೇವೆಯ ಲಿಂಕ್ ಆದರೆ ಕೊನೆಗೆ ಪ್ಲಸ್ ಚಿಹ್ನೆ ಸೇರಿಸಿ ತೆರೆಯಿರಿ, ಅದು ಎಲ್ಲಿಗೆ ಹೋಗುತ್ತದೆಂದು ಮೊದಲೇ ತೋರಿಸುತ್ತದೆ.