ಚುರ್ ಅನ್ನೋದಕ್ಕೆ ಎಂಟು ರೂಪಾಯಿ

ಮೊನ್ನೆ ಭಾನುವಾರ ಬಾತ್‌ರೂಮ್ ಶೆಲ್ಫ್ ಒರೆಸ್ತಿದ್ದ ನಮ್ಮನೆಯವಳು ಒಂದು ಬಾಟ್ಲಿ ಎತ್ತಿ ಹಿಡಿದು "ರೀ, ಇದ್ಯಾವ್ ಕಾಲದ್ದು, ಬಿಸಾಕ್ಲಾ?" ಅಂದ್ಲು. ತಳದಲ್ಲಿ ಎರಡು ಬೆರಳಷ್ಟು ಆಫ್ಟರ್‌ಶೇವ್ ಇತ್ತು. ನಾನೂರು ರೂಪಾಯಿ ಕಣೇ ಅದು, ಮುಟ್ಬೇಡ ಅಂದೆ. "ನಾನೂರು ತಂದಾಗ. ಈಗ ಎಷ್ಟು?" ಅಂದ್ಲು. ನನ್ ಹತ್ರ ಉತ್ತರ ಇರ್ಲಿಲ್ಲ, ಅದಕ್ಕೇ ಲೆಕ್ಕ ಹಾಕಕ್ಕೆ ಕೂತೆ.

ಮಗಳ ಜ್ವರದ ಸಿರಪ್ ಮುಚ್ಚಳದಲ್ಲಿ ಎಂಎಲ್ ಗೆರೆಗಳಿರ್ತಾವಲ್ಲ, ಅದರೊಳಗೆ ನಾನು ದಿನಾ ಅಂಗೈಗೆ ಮೂರು ಸಲ ಕೊಡವೋ ಹಾಗೇ ಕೊಡವಿ ನೋಡಿದೆ, ಮೂರೂ ಸೇರಿ ಹೆಚ್ಚುಕಮ್ಮಿ 2 ಎಂಎಲ್. ನೂರು ಎಂಎಲ್ ಬಾಟ್ಲಿ, ಅಂದ್ರೆ ಐವತ್ತು ಶೇವ್, ಅಂದ್ರೆ ಒಂದ್ಸಲ ಕೆನ್ನೆ ಚುರ್ ಅನ್ನೋದಕ್ಕೆ ಎಂಟು ರೂಪಾಯಿ! ಅದರಲ್ಲೂ ಅರ್ಧ ಬೆರಳ ಸಂದಿಯಿಂದ ಸೋರಿ ವಾಶ್‌ಬೇಸಿನ್ ಪಾಲಾಗತ್ತೆ, ಆ ಬೇಸಿನ್ನಿಗೆ ಗಡ್ಡಾನೂ ಇಲ್ಲ. ಹೋಗ್ಲಿ ವಾಸನೆಯಾದ್ರೂ ಸಂಜೆ ತನಕ ಇರತ್ತಾ ಅಂದ್ರೆ ಅದೂ ಇಲ್ಲ, ಆಫ್ಟರ್‌ಶೇವ್‌ನಲ್ಲಿ ಸೆಂಟಿನ ಪಾಲು ಸಾಮಾನ್ಯವಾಗಿ ನೂರಕ್ಕೆ ಒಂದೋ ಮೂರೋ ಅಷ್ಟೆ, ಮಿಕ್ಕಿದ್ದು ಹೆಚ್ಚಾಗಿ ಆಲ್ಕೋಹಾಲು ನೀರು. ಆಲ್ಕೋಹಾಲು ಆರುವಾಗ ಚರ್ಮದ ಬಿಸಿ ಎಳ್ಕೊಂಡು ಹೋಗತ್ತೆ, ನಮಗೆ ತಣ್ಣಗಾಗತ್ತೆ, ನಾವು ಅದನ್ನೇ ಫ್ರೆಶ್ ಅಂತೀವಿ.

ಅಂಗಡೀಲೇ ನೋಡ್ಬೇಕಿತ್ತು ಅನ್ನಿ. 2022ರಿಂದೀಚೆಗೆ ಪ್ಯಾಕ್ ಮೇಲೆ ಎಮ್ಮಾರ್ಪಿ ಪಕ್ಕ ಒಂದು ಎಂಎಲ್‌ಗೋ ಗ್ರಾಮ್‌ಗೋ ಎಷ್ಟು ಬೀಳತ್ತೆ ಅಂತ್ಲೂ ಹಾಕ್ಬೇಕು ಅಂತ ರೂಲ್ಸೇ ಇದೆ, ಆದ್ರೆ ಆ ಅಕ್ಷರ ಓದಕ್ಕೆ ನನಗೆ ಚಾಳೀಸು ಬೇಕು, ಚಾಳೀಸು ಹಾಕ್ಕೊಂಡು ಆಫ್ಟರ್‌ಶೇವ್ ಆರಿಸೋ ಗಂಡಸನ್ನ ನೋಡಿದ್ರೆ ಸೇಲ್ಸ್ ಹುಡುಗಿ ಏನಂದ್ಕೋತಾಳೆ.

ಇನ್ನೊಂದು ತಮಾಷೆ. 2025ರ ಸೆಪ್ಟೆಂಬರ್ 22ರಿಂದ ಶೇವಿಂಗ್ ಕ್ರೀಮು, ಆಫ್ಟರ್‌ಶೇವ್ ಎರಡರ ಜಿಎಸ್‌ಟೀನೂ 18ರಿಂದ 5 ಪರ್ಸೆಂಟ್‌ಗೆ ಇಳೀತು, ಪರ್ಫ್ಯೂಮು ಡಿಯೋಡರೆಂಟು ಮಾತ್ರ 18ರಲ್ಲೇ ಉಳಿದ್ವು. ಅದೇ ಕಂಪನಿ, ಅದೇ ಘಮಲು, ಕೆನ್ನೆಗೆ ಬಳ್ಕೊಂಡ್ರೆ ಐದು, ಕಂಕುಳಿಗೆ ಹೊಡ್ಕೊಂಡ್ರೆ ಹದಿನೆಂಟು.

ಆದ್ರೆ ಲೆಕ್ಕ ಮುಂದುವರಿಸಿದ್ಮೇಲೆ ಪಾಪ ಆಫ್ಟರ್‌ಶೇವ್ ಮೇಲಿನ ಸಿಟ್ಟೇ ಇಳಿದು ಹೋಯ್ತು, ನಿಜವಾದ ಕಳ್ಳ ಕಾರ್ಟ್ರಿಜ್ಜು, ಅಂದ್ರೆ ರೇಜರ್ ತುದಿಗೆ ಸಿಕ್ಕಿಸೋ ಬ್ಲೇಡಿನ ತಲೆ. ನಾಲ್ಕಕ್ಕೆ ಎಂಟುನೂರು ಕೊಟ್ಟಿದ್ದೆ, ಒಂದರಲ್ಲಿ ಎಂಟು ಶೇವ್ ಆದ್ಮೇಲೆ ಅದು ಹೆರೆಯಲ್ಲ, ಕೀಳತ್ತೆ. ಅಲ್ಲಿಗೆ ಶೇವ್‌ಗೆ ಇಪ್ಪತ್ತೈದು ರೂಪಾಯಿ. ಅಪ್ಪನ ಎರಡಂಚಿನ ಬ್ಲೇಡು ಈಗ್ಲೂ ಐದು ರೂಪಾಯಿ ಒಳಗೇ ಸಿಗತ್ತೆ, ನಾಲ್ಕು ಸಲ ಹೆರೆದ್ರೂ ಒಂದೂಕಾಲು ರೂಪಾಯಿ. ಜಿಲೆಟ್ ಕಂಪನಿ 1903ರಲ್ಲಿ ರೇಜರ್ ಮಾರಕ್ಕೆ ಶುರು ಮಾಡಿದಾಗ ಅದಕ್ಕೆ 5 ಡಾಲರ್, ಆ ಕಾಲಕ್ಕೆ ದೊಡ್ಡ ದುಡ್ಡೇ. ಹ್ಯಾಂಡಲ್ ಸಸ್ತಾ ಕೊಟ್ಟು ಬ್ಲೇಡಲ್ಲಿ ಕಿತ್ಕೊಳ್ಳೋ ಬುದ್ಧಿ ಆಮೇಲೆ ಬಂದಿದ್ದು.

ಅಪ್ಪಂಗೆ ಆಫ್ಟರ್‌ಶೇವ್ ಅಂದ್ರೆ ಪಟಿಕ. ಗ್ರಂಥಿಗೆ ಅಂಗಡಿಯಿಂದ ತಂದ ಒಂದು ಗಟ್ಟಿ, ಕಲ್ಲುಸಕ್ಕರೆ ಥರ, ಸವೆದೂ ಸವೆದೂ ನುಣ್ಣಗಾಗಿ ಒಂದು ಕಡೆ ಅಪ್ಪನ ಹೆಬ್ಬೆರಳಿಗೆ ಸರಿಯಾಗಿ ಗುಳಿ ಬಿದ್ದಿತ್ತು. ಒದ್ದೆ ಕೆನ್ನೆ ಮೇಲೆ ಎಳೆದ್ರೆ ಚರ್ಮ ಬಿಗಿ ಹಿಡಿಯೋದು, ಗಾಯದ ರಕ್ತ ನಿಲ್ಲೋದು. ಮಳೆಗಾಲದಲ್ಲಿ ಬಗ್ಗಡದ ನೀರು ತಿಳಿಯಾಗ್ಲಿ ಅಂತ ಅಮ್ಮ ಕೊಡದಲ್ಲಿ ಆಡಿಸ್ತಿದ್ದಿದ್ದೂ ಪಟಿಕಾನೇ. ಅದು ಬೇರೆ ಗಟ್ಟಿ ಅಂತ ಅಮ್ಮ ಇವತ್ತಿಗೂ ಹೇಳ್ತಾಳೆ, ನಂಗೆ ಅನುಮಾನ ಇದೆ. ನಾನು ಪಿಯುಸಿಗೆ ಬರೋ ತನಕ ಅಪ್ಪ ಎರಡನೇ ಗಟ್ಟಿ ತಂದಿದ್ದು ನೋಡಿಲ್ಲ, ಅದಕ್ಕೆ ಶೇವ್‌ಗೆ ಎಷ್ಟು ಅಂತ ಲೆಕ್ಕ ಹಾಕಕ್ಕೆ ಹೋದ್ರೆ ಪೈಸೆಗಿಂತ ಕೆಳಗೆ ಇಳೀಬೇಕು.

ಹಾಗಂತ ಅಪ್ಪಂಗೆ ಆಸೆ ಇರ್ಲಿಲ್ಲ ಅಂತಲ್ಲ. ದುಬೈಯಿಂದ ಮಾವ ಒಂದು ಓಲ್ಡ್ ಸ್ಪೈಸ್ ತಂದ್ಕೊಟ್ಟಿದ್ರು, ಹಾಲು ಬಣ್ಣದ ಬಾಟ್ಲಿ, ಮೇಲೊಂದು ಹಾಯಿ ಹಡಗು. ಅದು ಮದುವೆ ಮುಂಜಿಗೆ ಮಾತ್ರ, ಎರಡೇ ಹನಿ. ಖಾಲಿಯಾದ್ಮೇಲೂ ವರ್ಷಗಟ್ಟಲೆ ಶೋಕೇಸಲ್ಲಿ ಬೊಂಬೆಗಳ ಪಕ್ಕ ನಿಂತಿತ್ತು, ನಾನು ಕದ್ದು ಮುಚ್ಚಳ ತೆಗೆದು ಮೂಸ್ತಿದ್ದೆ. ಅದನ್ನ ಎಂಎಲ್ ಲೆಕ್ಕದಲ್ಲಿ ಹೇಗೆ ಹಿಡಿಯೋದು ಗೊತ್ತಾಗ್ಲಿಲ್ಲ, ಆ ಸಾಲು ಹಾಗೇ ಖಾಲಿ ಬಿಟ್ಟೆ.

ಕೊನೇಲಿ ಉಳಿದಿದ್ದು ಬಿಯರ್ಡ್ ಆಯಿಲ್. ಆರುನೂರೈವತ್ತು, ಆಫರಲ್ಲಿ ತಗೊಂಡಿದ್ದು. ಗಡ್ಡ ಬಿಡ್ತೀನಿ ಅಂತ ಹೊರಟು ಹನ್ನೊಂದನೇ ದಿನಕ್ಕೆ ಕೆರೆತ ತಾಳಲಾರದೆ ತೆಗೆದಿದ್ದೆ, ಸೀಲೇ ಒಡೆದಿಲ್ಲ. ಆರುನೂರೈವತ್ತನ್ನ ಸೊನ್ನೆಯಿಂದ ಭಾಗಿಸಿದ್ರೆ ಎಷ್ಟು ಅಂತ ಮೊಬೈಲಿಗೆ ಹಾಕಿದೆ, ಅದು ಎರರ್ ಅಂತು.

ಇಷ್ಟೆಲ್ಲಾ ಆಗಿ, ಬಾಟ್ಲೀಲಿ ಉಳಿದಿದ್ದು 25 ಎಂಎಲ್ ಅಂತ ಹಿಡಿದ್ರೂ ಇನ್ನೂ ನೂರು ರೂಪಾಯಿ ಮಾಲು ಕಣೇ ಅಂತ ಹೇಳೋಣ ಅಂತ ಪೇಪರ್ ಹಿಡ್ಕೊಂಡು ಬಾತ್‌ರೂಮಿಗೆ ಹೋದೆ. ಅವಳು ಹಳೇ ಬನಿಯನ್ ತುಂಡಿಗೆ ಬಾಟ್ಲಿ ಪೂರ್ತಿ ಬಗ್ಗಿಸಿ ಕನ್ನಡಿ ಒರೆಸ್ತಿದ್ಲು. "ನೋಡ್ರೀ, ಆ ಸೋಪಿನ ಕಲೆ ಎಷ್ಟು ಚೆನ್ನಾಗ್ ಹೋಯ್ತು!" ಅಂದ್ಲು. ನಿಜವಾಗ್ಲೂ ಹೋಗಿತ್ತು. ಕನ್ನಡಿ ಸಂಜೆ ತನಕ ಘಮ್ ಅಂತಿತ್ತು.