ಹಲಗೆ ಬದಲಿಸಿ ಎಂದರೆ ಕಟ್ಟೆಯನ್ನೇ ಒಡೆಯುತ್ತಾರಂತೆ

ನಮ್ಮ ಗೋದಾಮು ನಡೆಯುತ್ತಿರುವುದು ಒಂದು ಮರದ ಹಲಗೆಯ ಭರವಸೆಯ ಮೇಲೆ. ಕಲಬುರಗಿ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಾಗ ಇಲ್ಲಿನ ದಾಲ್ ಮಿಲ್ಲಿನವರೆಲ್ಲ ಎದೆಯುಬ್ಬಿಸಿಕೊಂಡು ಓಡಾಡಿದರು. ಸಂತೋಷ. ಆದರೆ ಅದೇ ಬೇಳೆಯ ಚೀಲ ಗೋದಾಮಿನ ಬಾಗಿಲ ಮುಂದಿನ ಕಟ್ಟೆಯಿಂದ ಲಾರಿ ಏರುವುದು ಎರಡರ ಮಧ್ಯೆ ಸೇತುವೆಯಂತೆ ಹಾಸಿದ, ನಡುವೆ ಸೀಳು ಬಿಟ್ಟ, ತುದಿಗೆ ಎಣ್ಣೆ ಡಬ್ಬಿಯ ತಗಡು ಬಡಿದ ಹಲಗೆಯ ಮೇಲೆ. ಐವತ್ತು ಕಿಲೋ ಹೊತ್ತ ಹಮಾಲ ಅದರ ಮೇಲೆ ಕಾಲಿಟ್ಟಾಗ ಅದು ಬಾಗುವುದನ್ನು ನಾನು ದಿನವೂ ಕಣ್ಣಾರೆ ನೋಡುತ್ತೇನೆ, ಏಕೆಂದರೆ ಹುಮನಾಬಾದ್ ರಸ್ತೆಯ ಆ ಗೋದಾಮಿನ ಮೇಲ್ವಿಚಾರಣೆಯೇ ನನ್ನ ಹೊಟ್ಟೆಪಾಡು.

ಸಾಹುಕಾರರಿಗೆ ಹೇಳಿದರೆ ಒಂದೇ ಉತ್ತರ: «ಈಗ ಕಟ್ಟಡ ಒಡೆಯುವುದಕ್ಕೆ ಆಗುವುದಿಲ್ಲ, ಹೊಸ ಗೋದಾಮು ಕಟ್ಟಿದಾಗ ನೋಡೋಣ.» ಅಲ್ಲ, ಒಡೆಯಿರಿ ಎಂದವರು ಯಾರು? ನಾನು ಕೇಳಿದ್ದು ಹಲಗೆಯ ಬದಲು ಲೋಹದ ತಟ್ಟೆ, ಕಟ್ಟೆಯ ಅಂಚಿಗೆ ರಬ್ಬರು, ಬಾಗಿಲಿಗೆ ದೀಪ. ಅವರು ಕರೆಸಿದ್ದು ಕಟ್ಟಡದ ಗುತ್ತಿಗೆದಾರನನ್ನು. ಅವನೂ ತಪ್ಪದೆ ಬಂದ, ಅಳೆದ, ಪ್ರತಿ ಬಾಗಿಲ ಮುಂದೆಯೂ ಗುಂಡಿ ತೋಡಿ ಕಾಂಕ್ರೀಟ್ ಹಾಕಿ ಲಾರಿಯ ಎತ್ತರಕ್ಕೆ ಏರಿಳಿಯುವ ಹೈಡ್ರಾಲಿಕ್ ಯಂತ್ರ ಕೂರಿಸಬೇಕೆಂದು ದೊಡ್ಡ ಮೊತ್ತ ಬರೆದುಕೊಟ್ಟ. ಆ ಕಾಗದವನ್ನು ಮಡಿಸಿ ಜೇಬಿಗಿಟ್ಟುಕೊಂಡ ಸಾಹುಕಾರರಿಗೆ ಈಗ ಯಾರು ಬಾಯಿ ಬಿಟ್ಟರೂ ತೋರಿಸಲು ಒಂದು ಆಧಾರ ಸಿಕ್ಕಂತಾಯಿತು. ಇಲಿ ಬಂತೆಂದು ಮನೆಗೆ ಬೆಂಕಿ ಹಚ್ಚುವ ಲೆಕ್ಕ ಕೊಟ್ಟು, ಬೆಂಕಿ ದುಬಾರಿ ಆದ್ದರಿಂದ ಇಲಿ ಇರಲಿ ಎಂದು ತೀರ್ಮಾನಿಸಿದಂತಾಯಿತು.

ಇಲ್ಲಿ ಅರ್ಥವಾಗದಂಥ ಗುಟ್ಟು ಏನೂ ಇಲ್ಲ. ಕಟ್ಟೆ ಸುಮಾರು ನಾಲ್ಕು ಅಡಿ ಎತ್ತರ. ಬರುವ ಲಾರಿಗಳು ಎಲ್ಲವೂ ಒಂದೇ ಎತ್ತರದವಲ್ಲ. ಸಾಲದ್ದಕ್ಕೆ ಒಂದೇ ಲಾರಿಯೂ ಬೆಳಗ್ಗೆ ಇದ್ದ ಎತ್ತರದಲ್ಲಿ ಮಧ್ಯಾಹ್ನ ಇರುವುದಿಲ್ಲ. ಚೀಲ ಇಳಿದಂತೆ ಸ್ಪ್ರಿಂಗ್ ಪಟ್ಟಿ ಸಡಿಲವಾಗಿ ತಳ ಮೇಲೇಳುತ್ತದೆ, ತುಂಬಿದಂತೆ ಕುಸಿಯುತ್ತದೆ. ಸಪಾಟಾಗಿ ಹಾಕಿದ್ದ ಹಲಗೆ ಕೆಲಸದ ನಡುವೆಯೇ ಏರಾಗಿ ನಿಲ್ಲುವುದು ಇದರಿಂದಲೇ. ಇದಕ್ಕೆಂದೇ ಕಟ್ಟೆಯ ಅಂಚಿಗೆ ಕೂರಿಸುವ ಲೆವೆಲರ್ ಇದೆ, ಅಂದರೆ ಲಾರಿಯ ತಳದ ಮೇಲೆ ಒರಗಿ ಅದರೊಂದಿಗೇ ಏರಿಳಿಯುವ ಉಕ್ಕಿನ ತಟ್ಟೆ. ಗುಂಡಿ ಬೇಡ. ಅಂಚಿಗೆ ಉಕ್ಕಿನ ಪಟ್ಟಿ ಕೂರಿಸಿ ಅದಕ್ಕೆ ಬೆಸುಗೆ ಹಾಕಿದರೆ ಅಥವಾ ಬೋಲ್ಟ್ ಬಿಗಿದರೆ ಮುಗಿಯಿತು. ಸುಮಾರು ಐದು ಅಂಗುಲ ಮೇಲೆ, ಐದು ಅಂಗುಲ ಕೆಳಗೆ ಹೊಂದಿಕೊಳ್ಳುತ್ತದೆ. ಅದಕ್ಕಿಂತ ಹೆಚ್ಚಿನ ಅಂತರವಿದ್ದರೆ ಸಾಲದು, ಒಪ್ಪುತ್ತೇನೆ. ಸಣ್ಣ ಸರಕು ಗಾಡಿಗಳಿಗೆ ಅದು ಪ್ರಯೋಜನಕ್ಕೆ ಬಾರದು. ಆದರೆ ನಮ್ಮಲ್ಲಿಗೆ ಹೆಚ್ಚಾಗಿ ಬರುವುದು ದೊಡ್ಡ ಲಾರಿಗಳೇ ಅಲ್ಲವೇ?

ಅದೂ ಬೇಡವೆಂದರೆ ಅಲ್ಯೂಮಿನಿಯಂ ತಟ್ಟೆಯಾದರೂ ತರಿಸಬಹುದು. ಅದರ ಕೆಳಗೆ ಎರಡು ಕಾಲುಗಳಿರುತ್ತವೆ. ಅವು ಲಾರಿಗೂ ಕಟ್ಟೆಗೂ ನಡುವಿನ ಸಂದಿಗೆ ಇಳಿದು ತಟ್ಟೆ ಜಾರದಂತೆ ಹಿಡಿಯುತ್ತವೆ. ಆರು ಅಂಗುಲ ಎತ್ತರದ ವ್ಯತ್ಯಾಸಕ್ಕೆ ಹತ್ತಕ್ಕೊಂದರ ಇಳಿಜಾರು ಬೇಕೆಂದರೆ ಐದು ಅಡಿ ಉದ್ದದ ತಟ್ಟೆ ಸಾಕು. ಮೂರನೇ ತರಗತಿಯ ಗುಣಾಕಾರ ಇದು. ಇದು ಬಂದರೆ ಮೂಲೆಯಲ್ಲಿ ಧೂಳು ತಿನ್ನುತ್ತಿರುವ ಕೈ ಪ್ಯಾಲೆಟ್ ಟ್ರಕ್ (ಚೀಲದ ರಾಶಿಯನ್ನು ತಳದಿಂದ ಎತ್ತಿ ಕೈಯಿಂದ ತಳ್ಳುವ ಗಾಡಿ) ಲಾರಿಯೊಳಗೇ ಹೋಗುತ್ತದೆ. ಈಗ ಅದರ ಪುಟ್ಟ ಗಾಲಿಗಳು ಹಲಗೆಯ ಸೀಳಿನಲ್ಲಿ ಸಿಕ್ಕಿಕೊಳ್ಳುತ್ತವೆ, ಆದ್ದರಿಂದ ಹಣ ಕೊಟ್ಟು ತಂದ ಗಾಡಿ ಸುಮ್ಮನೆ ನಿಂತಿದೆ, ಬೆನ್ನು ಮಾತ್ರ ದುಡಿಯುತ್ತಿದೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 1967ರಲ್ಲೇ ಒಬ್ಬ ವಯಸ್ಕ ಗಂಡಾಳು ಹೊರುವ ಭಾರ 55 ಕಿಲೋ ಮೀರದಂತೆ ಮಾಡಿರೆಂದು ಶಿಫಾರಸು ಮಾಡಿತು. ನಮ್ಮಲ್ಲಿ ಕಚ್ಚಾ ತೊಗರಿಯ ಕ್ವಿಂಟಾಲ್ ಚೀಲವನ್ನು ಇನ್ನೂ ಒಬ್ಬನ ಬೆನ್ನಿಗೇ ಏರಿಸುತ್ತಾರೆ.

ಅಂಚಿನ ಕಥೆ ಕೇಳಿದರೆ ರಕ್ತ ಕುದಿಯುತ್ತದೆ. ಕಟ್ಟೆಗೆ ಹಾಸಿದ್ದು ಶಹಾಬಾದ್ ಕಲ್ಲು. ನಡೆದಾಡಲು ಒಳ್ಳೆಯ ಕಲ್ಲು, ಆದರೆ ಹಿಂದಕ್ಕೆ ಬರುವ ಲಾರಿಯ ಗುದ್ದು ತಾಳಲು ಅದೇನು ಉಕ್ಕೇ? ಅಂಚು ಪದರ ಪದರವಾಗಿ ಎದ್ದುಹೋಗಿದೆ. ಹಳೆಯ ಟೈರನ್ನು ಕತ್ತರಿಸಿ ಜೋಡಿಸಿ ಮಾಡುವ ರಬ್ಬರ್ ಬಂಪರ್ ಬಾಗಿಲಿಗೆ ಎರಡರಂತೆ ಹಾಕಿದ್ದರೆ ಗುದ್ದನ್ನು ಅದೇ ನುಂಗುತ್ತಿತ್ತು. ಅಂಚಿನ ಹೊರಗೆ ನಾಲ್ಕು ಅಂಗುಲ ಚಾಚಿಕೊಂಡಿರುತ್ತದೆ ಅಷ್ಟೆ. ಈಗ ಹಾಕೋಣವೆಂದರೆ ಪುಡಿಯಾದ ಕಲ್ಲು ಆಂಕರ್ ಬೋಲ್ಟನ್ನು ಹಿಡಿಯುವುದಿಲ್ಲ. ಮೊದಲು ಅಂಚಿಗೆ ಉಕ್ಕಿನ ಆಂಗಲ್ ಕಟ್ಟಬೇಕು. ತಡ ಮಾಡಿದಷ್ಟೂ ಖರ್ಚು ಬೆಳೆಯುತ್ತದೆ ಎಂಬುದನ್ನು ಬಡ್ಡಿಯ ಲೆಕ್ಕದಲ್ಲಿ ಇಷ್ಟು ಚುರುಕಾಗಿರುವ ಜನಕ್ಕೆ ಮತ್ತೆ ನಾನು ಹೇಳಿಕೊಡಬೇಕೇ?

ಗಾಲಿಗೆ ಕಲ್ಲು ಇಡುವುದು ಇನ್ನೊಂದು ಪ್ರಹಸನ. ಒಳಗೆ ಹೋಗಿ ಬರುವ ತೂಕಕ್ಕೆ ಲಾರಿ ಸ್ವಲ್ಪ ಸ್ವಲ್ಪವೇ ಮುಂದಕ್ಕೆ ಸರಿಯುತ್ತದೆ, ಹಲಗೆಯ ತುದಿ ಬೆರಳಷ್ಟು ಆಧಾರದ ಮೇಲೆ ಉಳಿಯುತ್ತದೆ. ಕಲ್ಲಿನ ಬದಲು ರಬ್ಬರಿನ ಅಡ್ಡಗಟ್ಟೆ ತಂದು ಅದಕ್ಕೆ ಸರಪಳಿ ಹಾಕಿ ಗೋಡೆಗೆ ತೂಗುಬಿಟ್ಟರೆ ಯಾರೂ ಕದಿಯುವುದಿಲ್ಲ. ಆದರೆ «ಕದ್ದುಬಿಡುತ್ತಾರೆ» ಎಂಬ ಕಾರಣಕ್ಕೆ ಅದೂ ಬೇಡವಂತೆ. ಮುಚ್ಚಿದ ಕಂಟೇನರಿನೊಳಗೆ ಕತ್ತಲು. ಹುಡುಗರು ಮೊಬೈಲ್ ಅನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಚೀಲ ಜೋಡಿಸುತ್ತಾರೆ. ಬಾಗಿಲ ಪಕ್ಕಕ್ಕೆ ತಿರುಗುವ ತೋಳಿನ ಎಲ್‌ಇಡಿ ದೀಪ ಹಾಕಲು ಯಾವ ಗುಂಡಿ ತೋಡಬೇಕು? ಯಾವ ಗೋಡೆ ಕೆಡವಬೇಕು? ಸೆಪ್ಟೆಂಬರಿನ ಮಳೆ ಓರೆಯಾಗಿ ಬಂದಾಗ ಬಾಗಿಲಿನ ಮೊದಲ ಸಾಲಿನ ಚೀಲಗಳು ನೆನೆಯುತ್ತವೆ, ನೆನೆದ ಬೇಳೆಯ ಜವಾಬ್ದಾರಿ ನನ್ನ ತಲೆಗೆ ಬರುತ್ತದೆ. ಪಾರದರ್ಶಕ ಪಿವಿಸಿ ಪಟ್ಟಿಯ ಪರದೆ ಅರ್ಧ ದಿನದ ಕೆಲಸ.

ಈ ನಡುವೆ ಹಣವಿಲ್ಲ ಎಂದೇನೂ ಭಾವಿಸಬೇಡಿ. ಕಚೇರಿಯ ಕೋಣೆಗೆ ಹವಾನಿಯಂತ್ರಣ ಯಂತ್ರ ಬಂತು, ಗೇಟಿಗೆ ಹೊಳೆಯುವ ಹೆಸರಿನ ಫಲಕ ಬಂತು. ಹಮಾಲರು ಹಲಗೆಯಿಂದ ಹೇಗೆ ಜಾರಿದರು ಎಂದು ನೋಡಲು ಕ್ಯಾಮೆರಾ ಕೂಡ ಬಂತು.

ಜನವರಿಗೆ ಹೊಸ ತೊಗರಿ ಇಲ್ಲಿನ ಸಗಟು ಮಾರುಕಟ್ಟೆಯಾದ ಗಂಜ್‌ಗೆ ಬರಲು ಶುರುವಾಗುತ್ತದೆ, ಆಮೇಲೆ ಲಾರಿಗಳ ಸಾಲು ರಸ್ತೆಗೆ ಬರುತ್ತದೆ, ಆಗ ಯಾರಿಗೂ ಬೋಲ್ಟ್ ಬಿಗಿಯಲು ಬಿಡುವಿರುವುದಿಲ್ಲ. ಅದಕ್ಕೆಂದು ಈಗಲೇ ಎರಡು ಬಾಗಿಲಿಗಾದರೂ ಮಾಡಿಸಿರೆಂದು ಮೊನ್ನೆ ಮತ್ತೆ ಕೇಳಿದೆ. ಸಾಹುಕಾರರು ಗಂಭೀರವಾಗಿ ತಲೆಯಾಡಿಸಿದರು. ನಿನ್ನೆ ಗುತ್ತಿಗೆದಾರ ಟೇಪು ಹಿಡಿದುಕೊಂಡು ಮತ್ತೆ ಬಂದಿದ್ದ.